ಇಲಿ ಬಿದ್ದ ವರ್ಷ: ನಿಮ್ಮೂರಿನ ಪ್ಲೇಗ್ ಕಾಲದ ಕಥೆ ಹುಡುಕಿ ಬರೆಯೋದು ಹೇಗೆ

ನಮ್ಮೂರಲ್ಲಿ ಕೆರೆ ಏರಿ ಇಳಿದ ಮೇಲೆ ಒಂದು ಸಣ್ಣ ಗುಡಿ ಇದೆ, ಮೂರು ಕಡೆ ಕಲ್ಲು ಮೇಲೊಂದು ಚಪ್ಪಡಿ ಅಷ್ಟೇ, ಒಳಗೆ ಅರಿಶಿನ ಕುಂಕುಮ ಮೆತ್ತಿ ಮೆತ್ತಿ ಮುಖನೇ ಕಾಣದಿರೋ ಒಂದು ಕಲ್ಲು. ಚಿಕ್ಕೋರಿದ್ದಾಗ ಎಲ್ರೂ ಪಿಳೇಗಮ್ಮ ಅಂತಿದ್ವಿ, ಆ ಪಿಳೇಗು ಅನ್ನೋದು ಪ್ಲೇಗ್ ಅನ್ನೋ ಇಂಗ್ಲಿಷ್ ಪದ ಅಂತ ನಂಗೆ ಹೊಳೆದಿದ್ದು ಕಾಲೇಜಿಗೆ ಬಂದ್ಮೇಲೆ. ಡಾಕ್ಟರುಗಳು ಸರ್ಕಾರದೋರು ತಂದ ಹೆಸರನ್ನ ಊರಿನ ಹೆಂಗಸ್ರು ತಾಯಿ ಹೆಸರು ಮಾಡಿ ಮಡ್ಲಕ್ಕಿ ತುಂಬಿದ್ರು. ಬೆಂಗಳೂರಿಂದ ಹಿಡಿದು ಕೊಯಮತ್ತೂರಿನವರೆಗೂ ಪ್ಲೇಗ್ ಮಾರಮ್ಮನ ಗುಡಿಗಳು ಇದಾವೆ, ನಿಮ್ಮೂರಲ್ಲೂ ಇರಬಹುದು, ಇಲ್ದಿದ್ರೆ ಆ ಕಾಲದ ಬೇರೆ ಗುರುತು ಯಾವ್ದಾದ್ರೂ ಇದ್ದೇ ಇರುತ್ತೆ.

ಏಳೆಂಟು ವರ್ಷದಿಂದ ನಮ್ಮ ಸುತ್ತಮುತ್ತ ಹಳ್ಳಿಗಳಲ್ಲಿ ಈ ಕಥೆಗಳನ್ನ ಕೇಳಿ ಬರ್ಕೊತಾ ಇದೀನಿ. ಹೇಗೆ ಶುರು ಮಾಡೋದು ಅಂತ ಎಷ್ಟೋ ಜನ ಕೇಳ್ತಾರೆ, ಅದಕ್ಕೆ ಗೊತ್ತಿರೋದನ್ನೆಲ್ಲ ಒಂದೇ ಕಡೆ ಬರೀತಾ ಇದೀನಿ. ಬೇಗ ಶುರು ಮಾಡಿ ಅಂತ ಮಾತ್ರ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ನಮ್ ಕಡೆ ಪ್ಲೇಗು 1898ಕ್ಕೆ ಬಂದು ಮುಗಿದುಹೋಗಿದ್ದಲ್ಲ, 1940ರ ದಶಕದವರೆಗೂ ಅಲ್ಲಲ್ಲಿ ತಿರುಗಿ ತಿರುಗಿ ಬರ್ತಾ ಇತ್ತು, ಅದನ್ನ ಕಣ್ಣಲ್ಲಿ ನೋಡಿದೋರು ಈಗ 85-90 ದಾಟಿದಾರೆ, ಹೋದ ವರ್ಷ ಮಾತಾಡಿಸಿದ ಮೂರು ಜನದಲ್ಲಿ ಇಬ್ರು ಈಗಿಲ್ಲ.

ಮೊದ್ಲು ಇಸವಿಗಳನ್ನ ತಲೇಲಿ ಇಟ್ಕೊಳ್ಳಿ

ಊರಿಗೆ ಹೋಗೋಕೆ ಮುಂಚೆ ಆವಾಗಿನ ವಿಜ್ಞಾನಕ್ಕೆ ಯಾವ ವರ್ಷ ಎಷ್ಟು ಗೊತ್ತಿತ್ತು ಅನ್ನೋದನ್ನ ಸರಿಯಾಗಿ ತಿಳ್ಕೊಳ್ಳಿ, ಇದನ್ನ ಬಿಟ್ರೆ ಮುಂದಿನದೆಲ್ಲ ತಪ್ಪಾಗುತ್ತೆ. ಪ್ಲೇಗಿನ ರೋಗಾಣುನ ಯೆರ್ಸಿನ್ ಅನ್ನೋರು ಹಾಂಗ್‌ಕಾಂಗ್‌ನಲ್ಲಿ ಕಂಡುಹಿಡಿದಿದ್ದು 1894ರಲ್ಲಿ. ಬೊಂಬಾಯಿಗೆ ರೋಗ ಬಂದಿದ್ದು 1896ರಲ್ಲಿ. ಹಾಫ್‌ಕಿನ್ ಅನ್ನೋ ವಿಜ್ಞಾನಿ ಬೊಂಬಾಯಲ್ಲೇ ಕೂತು ಪ್ಲೇಗಿಗೆ ಲಸಿಕೆ ಮಾಡಿ 1897ರ ಜನವರಿ 10ಕ್ಕೆ ಮೊದಲು ತನಗೇ ಚುಚ್ಕೊಂಡ್ರು. 1898ರ ಆಗಸ್ಟ್‌ನಲ್ಲಿ ರೈಲು ದಾರಿ ಹಿಡಿದು ಬೆಂಗಳೂರಿಗೆ ಬಂತು, ಅದಕ್ಕೆ ಮುಂಚೆನೇ ಹುಬ್ಬಳ್ಳಿ ಧಾರವಾಡ ಕಡೆ ಜನ ಸಾಯ್ತಾ ಇದ್ರು. ಬೆಂಗಳೂರು ಪೇಟೆ ಕಡೆ 1891ರಲ್ಲಿ 80 ಸಾವಿರ ದಾಟಿದ್ದ ಜನಸಂಖ್ಯೆ 1901ರ ಗಣತಿಗೆ 70 ಸಾವಿರದ ಒಳಗೆ ಬಂದಿತ್ತು, ಸತ್ತೋರು ಕೆಲವರು ಊರು ಬಿಟ್ಟೋರು ಇನ್ನೆಷ್ಟೋ ಜನ. ಇಡೀ ದೇಶದಲ್ಲಿ 1907 ಒಂದೇ ವರ್ಷ 10 ಲಕ್ಷಕ್ಕಿಂತ ಜಾಸ್ತಿ ಜನ ಪ್ಲೇಗಿಗೆ ಹೋದ್ರು.

ಈಗ ಮುಖ್ಯವಾದ ಮಾತು. ಇಲಿಯಿಂದ ಮನುಷ್ಯನಿಗೆ ರೋಗ ದಾಟಿಸೋದು ಚಿಗಟ ಅಂತ ಸಿಮೋಂದ್ ಅನ್ನೋ ಫ್ರೆಂಚ್ ಡಾಕ್ಟರು 1898ರಲ್ಲಿ ಕರಾಚಿಯಲ್ಲಿ ತೋರಿಸಿದ್ರು, ಆದ್ರೆ ಅದನ್ನ ಬಹಳಷ್ಟು ಡಾಕ್ಟರುಗಳೇ ಆವಾಗ ಒಪ್ಪಲಿಲ್ಲ. 1905ರಿಂದ ಬೊಂಬಾಯಿಯ ಪರೇಲ್‌ನಲ್ಲಿ ಪ್ಲೇಗ್ ಸಂಶೋಧನಾ ಆಯೋಗದೋರು ಪ್ರಯೋಗ ಮಾಡಿ, ಚಿಗಟ ಹಾರಿ ತಲುಪೋಕೆ ಆಗದಷ್ಟು ಎತ್ತರಕ್ಕೆ ತೂಗುಹಾಕಿದ ಪಂಜರದ ಪ್ರಾಣಿಗೆ ರೋಗ ಬರಲ್ಲ ನೆಲದ ಮೇಲಿಟ್ಟಿದ್ದಕ್ಕೆ ಬರುತ್ತೆ ಅಂತ ತೋರಿಸಿದ ಮೇಲೇನೇ ಅದು ಗಟ್ಟಿಯಾಗಿದ್ದು. ಅಂದ್ರೆ 1898ರಲ್ಲಿ ಸರ್ಕಾರದ ಕಡೆಯೋರು ನಿಮ್ಮೂರಿಗೆ ಬಂದು ಮನೆ ನೆಲಕ್ಕೆಲ್ಲ ಕಾರ್ಬಾಲಿಕ್ ಅನ್ನೋ ಕ್ರಿಮಿನಾಶಕ ಸುರಿದು, ಹಾಸಿಗೆ ಬಟ್ಟೆ ಸುಟ್ಟು, ಬಿಸಿಲು ಬೀಳ್ಲಿ ಅಂತ ಸೂರಿನ ಹೆಂಚು ಕಿತ್ತಾಗ ಅವರಿಗೂ ರೋಗ ಹೆಂಗೆ ಹರಡುತ್ತೆ ಅಂತ ಪೂರ್ತಿ ಗೊತ್ತಿರಲಿಲ್ಲ. ಅದಕ್ಕೇ 1898ರ ಜಗಳವನ್ನ 1910ರ ಜಗಳದ ಹಾಗೆ ಬರೀಬೇಡಿ. ಜನ ಅಡ್ಡ ನಿಂತಿದ್ದು ಏನಕ್ಕೆ, ಆ ವರ್ಷ ಡಾಕ್ಟರಿಗೆ ಗೊತ್ತಿದ್ದಿದ್ದು ಏನು, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡೋದು ಕಲಿತ್ರೆ ಅರ್ಧ ಕೆಲಸ ಆದಂಗೆ.

ನಿಮ್ಮೂರು ಆವಾಗ ಯಾರ ಕೈಲಿತ್ತು

ಇದು ಸಣ್ಣ ವಿಷಯ ಅನ್ಸುತ್ತೆ, ಆದ್ರೆ ದಾಖಲೆ ಹುಡುಕೋಕೆ ಹೋದಾಗ ಇದೇ ಮೊದಲನೇ ಪ್ರಶ್ನೆ. ಮೈಸೂರು ಮಂಡ್ಯ ಹಾಸನ ತುಮಕೂರು ಕೋಲಾರ ಶಿವಮೊಗ್ಗ ಚಿತ್ರದುರ್ಗ ಈ ಕಡೆ ಎಲ್ಲ ಮೈಸೂರು ಸಂಸ್ಥಾನ. ಧಾರವಾಡ ಬೆಳಗಾವಿ ಬಿಜಾಪುರ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯ. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸು. ಬೀದರ್ ಗುಲ್ಬರ್ಗ ರಾಯಚೂರು ನಿಜಾಮರದ್ದು, ಕೊಡಗು ಬೇರೆನೇ. ಬೊಂಬಾಯಿ ಮದ್ರಾಸು ಕಡೆ 1897ರ ಸಾಂಕ್ರಾಮಿಕ ರೋಗ ಕಾಯ್ದೆ ಬ್ರಿಟಿಷರದ್ದು, ಮೈಸೂರಲ್ಲಿ ಸಂಸ್ಥಾನವೇ ನಡೆಸಿದ್ದು, ವಿ. ಪಿ. ಮಾಧವರಾಯರನ್ನ ಪ್ಲೇಗ್ ಕಮಿಷನರ್ ಮಾಡಿದ್ರು, ಆವಾಗ ಶೇಷಾದ್ರಿ ಅಯ್ಯರ್ ದಿವಾನರು, ನಾಲ್ವಡಿಯವರು ಇನ್ನೂ ಚಿಕ್ಕೋರು ಅಂತ ವಾಣಿ ವಿಲಾಸ ಸನ್ನಿಧಾನದವರು ರಾಜ್ಯಭಾರ ಮಾಡ್ತಿದ್ರು. ಅಲ್ಲಿ ಆಳ್ತಿದ್ದೋರು ನಮ್ಮೋರೇ ಆದ್ರೂ ಜನ ಸುಮ್ನೆ ಒಪ್ಪಿಲ್ಲ, ಶ್ರೀರಂಗಪಟ್ಟಣದ ಪಕ್ಕದ ಗಂಜಾಮ್‌ನಲ್ಲಿ 1898ರಲ್ಲೇ ಪ್ಲೇಗ್ ಕ್ರಮಗಳ ವಿರುದ್ಧ ದೊಡ್ಡ ಗಲಾಟೆ ಆಯ್ತು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ 1897ರಲ್ಲಿ ಚಾಪೇಕರ್ ಸೋದರರು ಗುಂಡಿಟ್ಟು ಕೊಂದಿದ್ದನ್ನ ಬರೀ ವಿದೇಶಿ ಸರ್ಕಾರದ ಮೇಲಿನ ಕೋಪ ಅಂತ ಓದ್ಕೊಂಡಿರ್ತೀವಿ, ಗಂಜಾಮ್‌ನ ಪಕ್ಕದಲ್ಲಿಟ್ಟು ನೋಡಿದ್ರೆ ಅಷ್ಟೇ ಇರಲಿಲ್ಲ ಅಂತ ಗೊತ್ತಾಗುತ್ತೆ.

ಊರನ್ನ ಕಾಲ್ನಡಿಗೆಯಲ್ಲಿ ಸುತ್ತಿ

ಒಂದು ಬೆಳಿಗ್ಗೆ ಊರಿನ ಹಿರಿಯರು ಒಬ್ಬರನ್ನ ಜೊತೆಗೆ ಕರ್ಕೊಂಡು ಊರಿನ ಗಡಿ ಪೂರ್ತಿ ನಡೀರಿ, ಬೈಕು ಬೇಡ. ಹೊಲ ತೋಟಗಳ ಹೆಸರು ಒಂದೊಂದೂ ಕೇಳಿ. ಆವಾಗ ರೋಗಿಗಳನ್ನ ಊರಾಚೆ ಶೆಡ್ಡಲ್ಲಿ ಇಡ್ತಿದ್ರು, ಊರು ಬಿಟ್ಟೋರು ಗುಡ್ಲು ಹಾಕ್ಕೊಳ್ತಿದ್ರು, ಹಾಗಾಗಿ ಶೆಡ್ಡಿನ ಹೊಲ, ಗುಡ್ಲು ಮಾಳ, ಆಸ್ಪತ್ರೆ ದಿಣ್ಣೆ ಅನ್ನೋ ತರದ ಹೆಸರು ಬಂದ್ರೆ ಅಲ್ಲಿ ಒಂದು ಕಥೆ ಇದೆ ಅಂತ ಲೆಕ್ಕ. ಮಾರಮ್ಮ, ಊರಮ್ಮ, ಉತ್ತರದ ಕಡೆ ದ್ಯಾಮವ್ವ ದುರ್ಗವ್ವ ಇವರ ಗುಡಿ ಎಲ್ಲಿದೆ, ಊರೊಳಗಾ ಹೊರಗಾ, ಎರಡು ಗುಡಿ ಇದ್ರೆ ಯಾವ್ದು ಮೊದಲು ಯಾವ್ದು ಆಮೇಲೆ ಅಂತ ಬರ್ಕೊಳ್ಳಿ. ಹಳೇ ಊರು, ಹೊಸೂರು ಅಂತ ಎರಡು ಇದ್ರೆ ಯಾಕೆ ಅಂತ ಕೇಳಿ. ಕಂದಾಯ ದಾಖಲೆಯಲ್ಲಿ ಬೇಚರಾಕ್ ಅಂತ ಬರೆದಿರೋ ಜನ ಇಲ್ಲದ ಗ್ರಾಮಗಳು ಇರ್ತಾವಲ್ಲ, ಅದನ್ನೆಲ್ಲ ಪ್ಲೇಗಿನ ಖಾತೆಗೆ ಹಾಕೋ ಆಸೆ ಆಗುತ್ತೆ, ಹಾಗೆ ಮಾಡ್ಬೇಡಿ, ಬರ, ಕಾಲರಾ, ಕಳ್ಳರ ಕಾಟ, ನೀರು ಬತ್ತೋದು ಎಲ್ಲದಕ್ಕೂ ಊರು ಬಿಟ್ಟಿರೋದು ಉಂಟು.

ಮನೆಗಳನ್ನೂ ನೋಡಿ. ಹಳೇ ತೊಟ್ಟಿಮನೆ ಇದ್ರೆ ಒಳಗೆ ಹೋಗೋಕೆ ಅನುಮತಿ ಕೇಳಿ ರಾಗಿ ಎಲ್ಲಿ ತುಂಬ್ತಿದ್ರು ಅಂತ ತೋರಿಸ್ಕೊಳ್ಳಿ. ಒಂದು ಮನೇಲಿ ರಾಗಿ ತುಂಬೋ ವಾಡೆ ಇಟ್ಟಿದ್ದ ಕೋಣೆಗೂ ಬಾಣಂತಿ ಕೋಣೆಗೂ ಮಧ್ಯ ಇದ್ದಿದ್ದು ಅರ್ಧ ಗೋಡೆ, ಆ ಗೋಡೆ ಬುಡದಲ್ಲಿ ಇಲಿ ಓಡಾಡಿ ಓಡಾಡಿ ನುಣ್ಣಗಾಗಿದ್ದ ಒಂದು ಬಿಲ ಇವತ್ತಿಗೂ ಇದೆ, ಕೈ ಇಟ್ಟು ನೋಡ್ದೆ, ಗಾಜಿನ ತರ ನುಣುಪು. ಇಲಿ ಸತ್ತು ಮೈ ತಣ್ಣಗಾದ್ರೆ ಚಿಗಟ ಅದನ್ನ ಬಿಟ್ಟು ಹತ್ತಿರದಲ್ಲಿ ಬಿಸಿ ಮೈ ಯಾವ್ದಿದೆ ಅಂತ ಹುಡ್ಕೊಂಡು ಹೊರಡುತ್ತೆ. ಅರ್ಧ ಗೋಡೆ ಆಚೆ ನೆಲದ ಮೇಲೆ ಚಾಪೆಯಲ್ಲಿ ಮಲಗಿದ್ದೋರು ಯಾರು ಅಂತ ಯೋಚನೆ ಮಾಡಿದ್ರೆ ಹೆಂಗಸ್ರು ಮಕ್ಕಳು ಯಾಕೆ ಹೆಚ್ಚು ಹೋದ್ರು ಅಂತ ಆ ಮನೆಯೋರು ಹೇಳಿದ್ದು ಅರ್ಥ ಆಯ್ತು.

ಇಸವಿ ಕೇಳ್ಬೇಡಿ, ಸಂವತ್ಸರ ಕೇಳಿ

ಅಜ್ಜ ಅಜ್ಜಿಯರಿಗೆ 1902 ಅಂದ್ರೆ ಏನೂ ಅಲ್ಲ. ಶುಭಕೃತು ಅಂದ್ರೆ ಕೆಲವರಿಗೆ ಗೊತ್ತು, ಅದೂ ಅವರ ಅಪ್ಪ ಅಮ್ಮ ಹೇಳಿದ್ದು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರೋದ್ರಿಂದ ಲೆಕ್ಕ ಸುಲಭ: ಕೋವಿಡ್ ಲಾಕ್‌ಡೌನ್ ಶುರುವಾದಾಗ ಬಂದ ಯುಗಾದಿಗೆ ಶಾರ್ವರಿ, ಅದರಿಂದ 120 ವರ್ಷ ಹಿಂದಕ್ಕೆ ಹೋದ್ರೆ 1900-01 ಕೂಡ ಶಾರ್ವರಿ. ಹಾಗೇ 1898-99 ವಿಳಂಬಿ, 1899-1900 ವಿಕಾರಿ, 1901-02 ಪ್ಲವ, 1902-03 ಶುಭಕೃತು, ಆಮೇಲೆ ಶೋಭಕೃತು, ಕ್ರೋಧಿ. ದೊಡ್ಡ ಬರದ ಧಾತು ಈಶ್ವರ 1876-78. ಇನ್‌ಫ್ಲುಯೆಂಜಾ ಬಂದ 1918-19 ಕಾಳಯುಕ್ತಿ, ಬಹಳ ಕಡೆ ಪ್ಲೇಗು ಮತ್ತೆ ಇನ್‌ಫ್ಲುಯೆಂಜಾ ನೆನಪು ಒಂದರೊಳಗೊಂದು ಕಲಸಿಹೋಗಿರುತ್ತೆ, ಇಲಿ ಬಿತ್ತಾ (ಅಂದ್ರೆ ಮನೇಲಿ ಇಲಿ ಸತ್ತು ಬಿತ್ತಾ) ಗಡ್ಡೆ ಬಂತಾ ಅಂತ ಕೇಳಿದ್ರೆ ಬೇರೆ ಆಗುತ್ತೆ, ಇನ್‌ಫ್ಲುಯೆಂಜಾಗೆ ಕಂಕುಳಲ್ಲಿ ತೊಡೆಸಂದಿಯಲ್ಲಿ ಗಡ್ಡೆ ಏಳಲ್ಲ, ಬರೀ ಜ್ವರ ಕೆಮ್ಮು. 1910ರಲ್ಲಿ ಬಂದ ದೊಡ್ಡ ಬಾಲಚುಕ್ಕಿ ಕೂಡ ಒಳ್ಳೇ ಗುರುತು, ಅದು ಸಾಧಾರಣ ಸಂವತ್ಸರ. ಬಾಲಚುಕ್ಕಿಗೆ ಮುಂಚೆನಾ ಆಮೇಲಾ ಅಂತ ಕೇಳಿ, ಮನೇಲಿ ಕೇಳಿಸಿಕೊಂಡಿದ್ದೋರು ಹೇಳ್ತಾರೆ.

ಅಜ್ಜಿ ಹತ್ರ ಕೂರೋದು

ಮೊದಲನೇ ದಿನ ಫೋನು ತೆಗೆದು ರೆಕಾರ್ಡ್ ಮಾಡ್ಬೇಡಿ. ಹೋಗಿ, ಮನೆ ಕಷ್ಟ ಸುಖ ಮಾತಾಡಿ, ಕಾಫಿ ಕೊಟ್ರೆ ಕುಡೀರಿ, ಎರಡನೇ ಸಲ ಹೋದಾಗ ಅಜ್ಜಿ ನಿಮ್ಮಾತು ರೆಕಾರ್ಡ್ ಮಾಡ್ಕೊಳ್ಲಾ ಅಂತ ಕೇಳಿ ಮಾಡಿ. ಪ್ರಶ್ನೆ ಯಾವತ್ತೂ ನಂಬಿಕೆ ಬಗ್ಗೆ ಶುರು ಮಾಡ್ಬೇಡಿ. ದೇವರ ಕೋಪದಿಂದ ಬಂತು ಅಂತ ನಂಬಿದ್ರಾ ಅಂತ ಕೇಳಿದ್ರೆ ಅವರು ನಿಮ್ಮ ಮುಖ ನೋಡಿ, ಓದಿದೋನು ಏನು ಕೇಳೋಕೆ ಬಯಸ್ತಾನೆ ಅಂತ ಲೆಕ್ಕ ಹಾಕಿ ಅದನ್ನೇ ಹೇಳ್ತಾರೆ. ಕೆಲಸದ ಬಗ್ಗೆ ಕೇಳಿ. ಮೊದಲು ಇಲಿ ಯಾರ ಮನೇಲಿ ಬಿತ್ತು, ಊರು ಬಿಟ್ಟಾಗ ಎಲ್ಲಿ ಗುಡ್ಲು ಹಾಕಿದ್ರು, ಹಸು ಕರು ಏನು ಮಾಡಿದ್ರು, ಒಲೆ ಯಾವಾಗ ಹಚ್ಚಿದ್ರು, ದೇವರ ಮನೆ ದೀಪಕ್ಕೆ ಯಾರು ಹೋಗ್ತಿದ್ರು, ಯಾವತ್ತು ವಾಪಸ್ ಬಂದ್ರು. ನಂಬಿಕೆ ತಾನಾಗೇ ಆಚೆ ಬರುತ್ತೆ.

ಪಕ್ಕದೂರಿನ ಒಬ್ಬ ಅಜ್ಜಿ ಹತ್ರ ನಾನು ನಿಮ್ಮವ್ವ ಏನಾದ್ರೂ ಹೇಳ್ತಿದ್ರಾ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದನ್ನ ಹಂಗೇ ಬರೀತೀನಿ. "ಇಲಿ ಬಿತ್ತು ಅಂದ್ರೆ ಸಾಕು ಕಣಪ್ಪ, ಒಲೆ ಮ್ಯಾಲಿದ್ದ ಮಡಕೆ ಹಂಗೇ ಬುಟ್ಟು ಹೊಲದ ತಾವ್ಕೆ ಹೋಯ್ತಿದ್ರಂತೆ. ತಾಯಿ ಮುಂಚೇನೇ ಇಲಿ ಕೈಲಿ ಯೋಳಿ ಕಳಿಸ್ತಾಳೆ, ಕೇಳ್ದೋರು ಉಳ್ಕತಾರೆ, ಕೇಳ್ದೇ ಇದ್ದೋರು ಹೋಯ್ತಾರೆ ಅಂತಿದ್ಲು ನಮ್ಮವ್ವ." ನಾನು ಇದನ್ನ ಎಷ್ಟು ಸಲ ಕೇಳಿಸ್ಕೊಂಡಿದೀನೋ ಲೆಕ್ಕ ಇಲ್ಲ. ಇಲಿ ಸತ್ತ ಮನೆ ಕೂಡಲೇ ಬಿಡ್ಬೇಕು ಅನ್ನೋದು ಚಿಗಟದ ವಿಜ್ಞಾನದ ಪ್ರಕಾರ ಅತ್ಯಂತ ಸರಿಯಾದ ಕೆಲಸ. ಆ ಅಜ್ಜಿಯ ಅವ್ವನಿಗೆ ಕಾರಣ ಬೇರೆ ಗೊತ್ತಿತ್ತು, ಮಾಡಿದ್ದು ಮಾತ್ರ ಅದೇ. ಹಾಗಂತ ನಮ್ಮ ಪೂರ್ವಜರಿಗೆ ಎಲ್ಲ ಮೊದಲೇ ಗೊತ್ತಿತ್ತು ಅಂತ ಬರೆಯೋಕೆ ಹೋಗ್ಬೇಡಿ, ಅದೂ ಸುಳ್ಳೇ. ಅದೇ ಊರಲ್ಲಿ ಊರು ಬಿಟ್ಟ ಜನ ರಾತ್ರಿ ದೀಪ ಹಚ್ಚೋಕೆ, ರಾಗಿ ತರೋಕೆ ಅಂತ ಖಾಲಿ ಮನೆಗೆ ಹೋಗಿ ಬಂದು ಸತ್ತಿದ್ದೂ ಅದೇ ಅಜ್ಜಿ ಹೇಳಿದ್ದು.

ಜಗಳ ಎಲ್ಲೆಲ್ಲಿ ಆಯ್ತು ಅಂತ ಹುಡುಕಿ

ನಂಬಿಕೆಗೂ ವಿಜ್ಞಾನಕ್ಕೂ ಜಗಳ ಅಂತ ಒಟ್ಟಾರೆ ಬರೆದ್ರೆ ಯಾರಿಗೂ ಏನೂ ತಿಳಿಯಲ್ಲ. ಯಾವ ಜಾಗದಲ್ಲಿ, ಯಾವ ಕೆಲಸದ ಮೇಲೆ ಮನಸ್ತಾಪ ಆಯ್ತು ಅಂತ ಬಿಡಿಸಿ ನೋಡಿ. ನನಗೆ ಸಿಕ್ಕಿದ್ದರಲ್ಲಿ ಹೆಚ್ಚಿನವು ಮೈ ಮುಟ್ಟೋದು, ಶೆಡ್ಡಿಗೆ ಹಾಕೋದು, ಹೆಣ, ಇಲಿ, ಸೂಜಿ ಇವುಗಳ ಸುತ್ತಾನೇ.

ಮೈ ಮುಟ್ಟೋದು ಅಂದ್ರೆ, ಪ್ಲೇಗಿನ ಗಡ್ಡೆ ಏಳೋದು ಕಂಕುಳಲ್ಲಿ, ಕುತ್ತಿಗೇಲಿ, ತೊಡೆಸಂದಿಯಲ್ಲಿ. ಅದನ್ನ ಗಂಡಸು ಡಾಕ್ಟರು ಹೆಂಗಸ್ರಿಗೆ ನೋಡ್ತೀನಿ ಅಂತ ಬಂದ್ರೆ ಮನೆಯೋರಿಗೆ ಹೇಗಾಗಿರ್ಬೇಡ, ಅದೂ ರೈಲ್ವೆ ಸ್ಟೇಷನ್ನಲ್ಲಿ ಸಾಲಾಗಿ ನಿಲ್ಲಿಸಿ. ಇದನ್ನ ಮೌಢ್ಯ ಅಂತ ಬರೆದ ವರದಿಗಳನ್ನ ನೋಡಿದಾಗ ನಂಗೆ ಸಿಟ್ಟು ಬರುತ್ತೆ, ಇದು ಮಾನದ ಪ್ರಶ್ನೆ. ಶೆಡ್ಡು ಅಂದ್ರೆ ರೋಗಿ ಅನ್ನೋನನ್ನ ಮನೆಯಿಂದ ಎತ್ಕೊಂಡು ಹೋಗಿ ಊರಾಚೆ ಹಾಕೋದು, ಅಲ್ಲಿ ಯಾರು ಬೇಯಿಸ್ತಾರೆ, ಯಾವ ಜಾತಿಯೋರು ನೀರು ಕೊಡ್ತಾರೆ, ಸತ್ರೆ ಬಾಯಿಗೆ ನೀರು ಯಾರು ಬಿಡ್ತಾರೆ. ಜನಕ್ಕೆ ಸಾವಿಗಿಂತ ಅನಾಥ ಸಾವಿನ ಹೆದರಿಕೆ ಜಾಸ್ತಿ ಇತ್ತು. ಹೆಣದ ವಿಷಯದಲ್ಲೂ ಹಂಗೇ, ಸಂಸ್ಕಾರ ಆಗದೆ ಸುಣ್ಣ ಹಾಕಿ ಹೂತುಬಿಡ್ತಾರೆ ಅಂತ ಹೆದರಿ ರಾತ್ರೋರಾತ್ರಿ ಹಿತ್ತಲಲ್ಲಿ, ಹೊಲದಲ್ಲಿ ಮಣ್ಣು ಮಾಡಿದ ಕಥೆ ನಂಗೆ ನಾಲ್ಕು ಊರಲ್ಲಿ ಸಿಕ್ಕಿದೆ. ಇನ್ನು ಇಲಿ. ಗಣಪತಿ ವಾಹನ, ಕೊಲ್ಲಬಾರದು ಅಂತ ಬೋನಿಗೆ ಬಿದ್ದ ಇಲಿನ ಪಕ್ಕದೂರಿನ ಗಡಿಯಲ್ಲಿ ಬಿಟ್ಟು ಬರ್ತಿದ್ರಂತೆ. ಇದು ನಿಜವಾಗ್ಲೂ ನಂಬಿಕೆಯಿಂದ ಹಾನಿ ಆದ ಜಾಗ, ಅದನ್ನೂ ಮುಚ್ಚಿಡದೆ ಬರೀಬೇಕು.

ಸೂಜಿ ವಿಷಯಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ. ಚುಚ್ಚಿಸ್ಕೊಂಡ್ರೆ ಸಾಯ್ತಾರೆ ಅಂತ ನಿಮ್ಮೂರಲ್ಲಿ ಮಾತಿತ್ತು ಅಂದ್ರೆ ಅದನ್ನ ಬರೀ ಗಾಳಿ ಸುದ್ದಿ ಅಂತ ತಳ್ಳಿಹಾಕೋಕೆ ಮುಂಚೆ ಮುಲ್ಕೊವಾಲ್ ನೆನಪಿಸ್ಕೊಳ್ಳಿ. 1902ರ ಅಕ್ಟೋಬರ್ 30, ಪಂಜಾಬಿನ ಆ ಹಳ್ಳಿಯಲ್ಲಿ 107 ಜನಕ್ಕೆ ಹಾಫ್‌ಕಿನ್ ಲಸಿಕೆ ಹಾಕಿದ್ರು, ಅದರಲ್ಲಿ 19 ಜನ ಧನುರ್ವಾಯು ಬಂದು ಸತ್ತೋದ್ರು, 19 ಜನಕ್ಕೂ ಹಾಕಿದ್ದು ಒಂದೇ ಬಾಟಲಿಯಿಂದ. ಹಾಫ್‌ಕಿನ್ ಅವರನ್ನ ಕೆಲಸದಿಂದ ದೂರ ಇಟ್ರು, ಲ್ಯಾಬ್‌ನಲ್ಲಿ ತಪ್ಪಾಗಿಲ್ಲ ಬಾಟಲಿ ತೆಗೆಯೋವಾಗ ಕೊಳೆ ಸೇರಿದೆ ಅನ್ನೋದು ಸಾಬೀತಾಗಿ ಅವರ ಹೆಸರು ಸ್ವಚ್ಛ ಆಗೋಕೆ 1907ರವರೆಗೂ ಹಿಡೀತು. ಹಾಗಾಗಿ 1903ರಲ್ಲಿ ಸೂಜಿ ಬೇಡ ಅಂದ ಹಳ್ಳಿಗನ ಹತ್ರ ಒಂದು ನಿಜವಾದ ಘಟನೆಯ ಸುದ್ದಿನೂ ಇತ್ತು. ಇದರ ಎದುರಿಗೆ ಹುಬ್ಬಳ್ಳಿನ ಇಡಿ. 1898ರಲ್ಲಿ ಅಲ್ಲಿ ಸಾವಿರಾರು ಜನ ತಾವಾಗಿ ಮುಂದೆ ಬಂದು ಚುಚ್ಚಿಸ್ಕೊಂಡ್ರು, ಅವರೂ ದೇವರನ್ನ ನಂಬಿದ ಜನಾನೇ. ಪಕ್ಕದ ಮನೆಯೋನು ಚುಚ್ಚಿಸ್ಕೊಂಡು ಬದುಕಿದ್ದನ್ನ ಕಣ್ಣಲ್ಲಿ ನೋಡೋದಕ್ಕೆ ಇರೋ ಬಲ ಯಾವ ಭಾಷಣಕ್ಕೂ ಇಲ್ಲ.

ಒಗ್ಗರಣೆ ಹಾಕದ ಮನೆ

ಪ್ಲೇಗಿಗಿಂತ ಹಳೇದು ಸಿಡುಬು, ಅಮ್ಮ ಆಗೋದು ಅಂತಾರಲ್ಲ ಅದು, ಅದರ ಕಟ್ಟುಪಾಡುಗಳನ್ನೇ ಜನ ಪ್ಲೇಗಿಗೂ ಹಾಕಿದ್ರು, ಅದಕ್ಕೆ ಅದನ್ನೂ ಕೇಳ್ಬೇಕು. ಅಮ್ಮ ಆದ ಮನೆ ಬಾಗ್ಲಿಗೆ ಬೇವಿನ ಸೊಪ್ಪು ಸಿಗಿಸ್ತಾರೆ. ಆ ಸೊಪ್ಪು ನೋಡಿದ್ರೆ ಹೊರಗಿನೋರು ಒಳಗೆ ಹೋಗಲ್ಲ. ಒಗ್ಗರಣೆ ಹಾಕಂಗಿಲ್ಲ, ಖಾರ ಇಲ್ಲ, ನೆಂಟರಿಗೆ ಬಡಿಸೋದಿಲ್ಲ, ಮೊಸರನ್ನ ಎಡೆ ಇಟ್ಟು ತಾಯಿನ ತಣ್ಣಗೆ ಮಾಡೋದು. ಒಗ್ಗರಣೆ ಘಾಟು ತಾಯಿಗೆ ಆಗಲ್ಲ ಅನ್ನೋದು ಅವರ ಮಾತು. ಆದ್ರೆ ಬೇವಿನ ಸೊಪ್ಪು ನೋಡಿ ಜನ ಹೊರಗೇ ನಿಂತಿದ್ದು ಸರ್ಕಾರದ ನೋಟೀಸಿಗಿಂತ ಚೆನ್ನಾಗಿ ಕೆಲಸ ಮಾಡಿದೆ. ಸಿಡುಬಿನ ಲಸಿಕೆ ಹಾಕೋರನ್ನ ದಾಕು ಹಾಕೋರು, ಉತ್ತರದ ಕಡೆ ದೇವಿ ಹಾಕೋರು ಅಂತಿದ್ರು, ಅವರು ಬಂದಾಗ ಮಕ್ಕಳನ್ನ ವಾಡೆ ಹಿಂದೆ ಬಚ್ಚಿಡ್ತಿದ್ದೋರೂ ಅದೇ ಮನೆಯೋರು. ಲಸಿಕೆಗೇ ದೇವಿ ಅಂತ ಹೆಸರಿಟ್ಟಿದ್ದು ನೋಡಿ, ಜನ ವಿಜ್ಞಾನನ ಒಳಗೆ ಬಿಟ್ಕೊಂಡಿದ್ದು ತಮ್ಮ ಬಾಗ್ಲಿಂದಾನೇ.

ಚಿತ್ರದುರ್ಗ ದಾವಣಗೆರೆ ಕಡೆ ಹಳ್ಳಿಗಳವರಾದ್ರೆ ಹೊರಬೀಡು ಬಗ್ಗೆ ಖಂಡಿತ ಕೇಳಿ. ಒಂದು ದಿನ ಇಡೀ ಊರು ಬೀಗ ಹಾಕಿ, ಊರು ಬಾಗ್ಲಿಗೆ ಮುಳ್ಳು ಕಟ್ಟಿ, ಎಲ್ರೂ ಹೊಲ ತೋಟದಲ್ಲಿ ಒಲೆ ಹೂಡಿ ಅಡುಗೆ ಮಾಡೋದು, ಅಷ್ಟು ಹೊತ್ತು ಊರೊಳಗೆ ನರಪಿಳ್ಳೆ ಇರಲ್ಲ. ಕೆಲವರು ಇದನ್ನ ಪ್ಲೇಗ್ ಕಾಲಕ್ಕೆ ಸೇರಿಸಿ ಹೇಳ್ತಾರೆ, ಕೆಲವರು ಅದಕ್ಕಿಂತ ಹಿಂದಿನದು ಅಂತಾರೆ, ಯಾರು ಏನಂದ್ರು ಅಂತ ಹಂಗೇ ಬರ್ಕೊಳ್ಳಿ.

ಮಾರಿಹಬ್ಬದ ತಿಂಗಳು ಕೇಳೋದು ಮರೀಬೇಡಿ. ನಮ್ ಕಡೆ ಹೆಚ್ಚಿನ ಊರಲ್ಲಿ ಯುಗಾದಿ ಆದ್ಮೇಲೆ, ಬೇಸಿಗೆಯಲ್ಲಿ. ಬಿಸಿಲು ಏರಿ ಹವೆ ಒಣಗಿದ್ರೆ ಚಿಗಟ ಬದುಕೋದು ಕಷ್ಟ, ಪ್ಲೇಗು ತಾನಾಗೇ ಇಳಿಯುತ್ತೆ. ಚಳಿಗಾಲದಲ್ಲಿ ಸಾವು, ಹರಕೆ ಹೊತ್ತಿದ್ದು, ಬೇಸಿಗೆಯಲ್ಲಿ ಹಬ್ಬ ಮಾಡಿದ್ದು, ಸಾವು ನಿಂತಿದ್ದು. ಕಣ್ಣೆದುರಿಗೆ ಹೀಗೆ ನಡೆದಾಗ ತಾಯಿ ಕೈ ಹಿಡಿದಳು ಅನ್ನದೆ ಇನ್ನೇನಂತಾರೆ. ನಿಮ್ಮೂರಲ್ಲಿ ಮೊದಲ ಸಾವು ಯಾವ ತಿಂಗಳು, ಹಬ್ಬ ಯಾವ ತಿಂಗಳು, ವಾಪಸ್ ಬಂದಿದ್ದು ಯಾವ ತಿಂಗಳು ಅಂತ ಒಂದು ಹಾಳೆ ಮೇಲೆ ಬರೆದು ನೋಡಿ, ನಾನಂತೂ ಅದನ್ನ ಮಾಡಿದ ಮೇಲೇನೇ ನಮ್ಮೂರಿನ ಪಿಳೇಗಮ್ಮನ್ನ ಅರ್ಥ ಮಾಡ್ಕೊಂಡಿದ್ದು.

ಎಲ್ಲಾ ಕೇರಿಗೂ ಹೋಗಿ

ಗೌಡರ ಮನೆ ಜಗಲಿ ಮೇಲೆ ಕೂತು ಕೇಳಿದ ಕಥೆ ಊರಿನ ಕಥೆ ಆಗಲ್ಲ. ಹೆಣ ಹೊತ್ತೋರು ಯಾರು, ಗುಂಡಿ ತೋಡಿದೋರು ಯಾರು, ಖಾಲಿ ಊರು ಕಾಯೋಕೆ ಯಾರನ್ನ ಬಿಟ್ರು, ಸತ್ತ ಇಲಿ ಬಾಚಿ ಹಾಕು ಅಂತ ಯಾರಿಗೆ ಹೇಳಿದ್ರು. ಈ ಪ್ರಶ್ನೆಗಳಿಗೆ ಉತ್ತರ ಇರೋದು ದಲಿತರ ಕೇರಿಯಲ್ಲಿ, ಅಲ್ಲಿನ ಹಿರಿಯರು ಹೇಳೋ ಕಥೇಲಿ ದೇವರೂ ಬೇರೆ ಡಾಕ್ಟರೂ ಬೇರೆ. ಒಬ್ಬ ತಾತ ಹೇಳಿದ್ರು, "ಊರೋರು ಗುಡ್ಲು ಹಾಕ್ಕಂಡಿದ್ದು ನಮ್ ಹೊಲದ ತಾವು, ಆವಾಗ ನಮ್ ಬಾವಿ ನೀರು ಕುಡುದ್ರು, ಊರ್ಗೋದ್ಮೇಲೆ ಮತ್ತೆ ಮುಟ್ಟುಸ್ಕಳ್ಳಿಲ್ಲ." ಮುಸಲ್ಮಾನರ ಮನೆಗಳಿಗೂ ಹೋಗಿ, ದರ್ಗಾದಲ್ಲಿ ಕೇಳಿ. ಕ್ರೈಸ್ತರ ಊರಾದ್ರೆ ಹಳೇ ಚರ್ಚಿನ ಮಣ್ಣು ಮಾಡಿದ ರಿಜಿಸ್ಟರು ಇರುತ್ತೆ, ದಿನಾಂಕ, ವಯಸ್ಸು ಎಲ್ಲ ಇರುತ್ತೆ, ಫಾದರ್ ಹತ್ರ ಗೌರವದಿಂದ ಕೇಳಿದ್ರೆ ತೋರಿಸೋರು ಇದಾರೆ.

ಕಾಗದಗಳು

ಹಳೇ ಕಾಲದಲ್ಲಿ ಹುಟ್ಟು ಸಾವಿನ ಲೆಕ್ಕ ಊರಿನ ಪಟೇಲರು ಶಾನುಭೋಗರ ಕೈಲಿತ್ತು. ಅವರ ಮನೆತನದೋರು ಯಾರಾದ್ರೂ ಇದ್ರೆ ಅಟ್ಟದ ಮೇಲಿನ ಪೆಟ್ಟಿಗೆ ಕೇಳಿ ನೋಡಿ. ತಾಲೂಕು ಕಚೇರಿಯ ರೆಕಾರ್ಡ್ ರೂಮಲ್ಲೂ ಅರ್ಜಿ ಹಾಕಿ, ನಂಗೆ ಒಂದು ಕಡೆ ನಾಲ್ಕು ತಿಂಗಳು ಅಲೆಸಿ ಕೊನೆಗೆ ಗೆದ್ದಲು ತಿಂದಿದೆ ಅಂದ್ರು, ಇನ್ನೊಂದು ಕಡೆ ಅರ್ಧ ಗಂಟೇಲಿ ಸಿಕ್ತು, ಹಾಗಾಗಿ ಆಸೆ ಬಿಡ್ಬೇಡಿ. ಸಾವಿನ ಕಾರಣದ ಜಾಗದಲ್ಲಿ ಸುಮ್ನೆ ಜ್ವರ ಅಂತ ಇದ್ರೆ ಹಾಗೇ ನಂಬ್ಬೇಡಿ, ಪ್ಲೇಗು ಅಂತ ಬರೆದ್ರೆ ಮನೆ ಸೂರು ಕೀಳ್ತಾರೆ ಮಿಕ್ಕೋರನ್ನ ಶೆಡ್ಡಿಗೆ ಹಾಕ್ತಾರೆ ಅನ್ನೋ ಹೆದರಿಕೇಲಿ ಮುಚ್ಚಿಟ್ಟಿರೋದು ಇರುತ್ತೆ. ಒಂದೇ ಮನೇಲಿ ಹತ್ತು ದಿನದಲ್ಲಿ ನಾಲ್ಕು ಜ್ವರದ ಸಾವು ಇದ್ರೆ ನೀವೇ ಯೋಚನೆ ಮಾಡಿ.

ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳು, 1901, 1911, 1921ರ ಜನಗಣತಿ ಇವು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಸಿಗುತ್ತೆ, ಮುಖ್ಯ ಕಚೇರಿ ಬೆಂಗಳೂರಿನ ವಿಧಾನಸೌಧದಲ್ಲಿ, ಮೈಸೂರು ಧಾರವಾಡದಲ್ಲೂ ಕಚೇರಿ ಇದೆ. ಬೊಂಬಾಯಿ ಪ್ರಾಂತ್ಯದ ಊರಾದ್ರೆ ಮೇಲಿನ ಹಂತದ ಕಾಗದ ಮುಂಬೈಯಲ್ಲಿ, ಮದ್ರಾಸಿನದ್ದು ಚೆನ್ನೈಯಲ್ಲಿ. ಆ ಕಾಲದಲ್ಲಿ ಕನ್ನಡದಲ್ಲಿ ವಿಜ್ಞಾನ ಹೇಗೆ ಹೇಳ್ತಿದ್ರು ಅಂತ ನೋಡೋಕೆ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಸೇರಿ 1918ರಲ್ಲಿ ಶುರು ಮಾಡಿದ ವಿಜ್ಞಾನ ಅನ್ನೋ ಮಾಸಪತ್ರಿಕೆ ಹುಡುಕಿ ಓದಿ. ಎರಡೇ ವರ್ಷ ನಡೆದಿದ್ದು. ಅಂದ್ರೆ ಪ್ಲೇಗು ಬಂದು 20 ವರ್ಷ ಆದ್ಮೇಲೆ ನಮ್ಮ ಭಾಷೇಲಿ ವಿಜ್ಞಾನಕ್ಕೇ ಅಂತ ಇಂಥದ್ದೊಂದು ಪತ್ರಿಕೆ, ಅದೂ ನಿಂತೋಯ್ತು. ಊರಿನೋರಿಗೆ ತಿಳುವಳಿಕೆ ಇರಲಿಲ್ಲ ಅಂತ ಬರೆಯೋಕೆ ಮುಂಚೆ, ಅವರ ಭಾಷೇಲಿ ಅವರಿಗೆ ಹೇಳಿದೋರು ಎಷ್ಟು ಜನ ಇದ್ರು ಅಂತ ಕೇಳ್ಕೊಳ್ಳಿ.

ಬರೆಯೋವಾಗ

ಕೇಳಿದ್ದು, ಕಣ್ಣಲ್ಲಿ ನೋಡಿದ್ದು, ಕಾಗದದಲ್ಲಿ ಓದಿದ್ದು ಈ ಮೂರನ್ನ ಕಲಸ್ಬೇಡಿ. ನಾನು ನೋಟ್‌ಬುಕ್ಕಲ್ಲಿ ಮೂರು ಬಣ್ಣದ ಪೆನ್ನು ಇಟ್ಕೊಂಡಿದೀನಿ, ಟೈಪ್ ಮಾಡೋವಾಗಲೂ ಬೇರೆ ಬೇರೆ ಪ್ಯಾರಾ ಮಾಡ್ತೀನಿ. ಮನೆತನದ ಹೆಸರು ಹಾಕೋಕೆ ಮುಂಚೆ ಆ ಮನೆಯೋರನ್ನ ಕೇಳಿ, ರೋಗಿನ ಬಿಟ್ಟು ಓಡಿಹೋದ್ರು ಅನ್ನೋ ತರದ ಮಾತು ನೂರು ವರ್ಷ ಆದ್ರೂ ನೋಯಿಸುತ್ತೆ. ಆಡುಮಾತನ್ನ ಗ್ರಂಥಸ್ಥ ಮಾಡ್ಬೇಡಿ, ಯೋಳಿ ಕಳಿಸ್ತಾಳೆ ಅಂದ್ರೆ ಹಂಗೇ ಬರೀರಿ.

ಎಲ್ಲ ಬರೆದು ಮುಗಿದ ಮೇಲೆ ಹೇಳಿದೋರ ಮನೆಗೆ ವಾಪಸ್ ಹೋಗಿ ಗಟ್ಟಿಯಾಗಿ ಓದಿ ಹೇಳಿ, ಇದನ್ನ ಯಾವ ಕಾರಣಕ್ಕೂ ಬಿಡ್ಬೇಡಿ. ಆ ಇಲಿ ಕಥೆ ಹೇಳಿದ ಅಜ್ಜಿಗೆ ನಾನು ಬರೆದಿದ್ದನ್ನ ಓದ್ದಾಗ ಅವರು ಕಣ್ಣು ಮುಚ್ಕೊಂಡು ಪೂರ್ತಿ ಕೇಳಿದ್ರು, ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, "ಎಲ್ಲಾ ಸರಿಗದೆ ಮಗ, ಆದ್ರೆ ದಿನಾ ಹೊತ್ತಾರೆ ಶೆಡ್ಡಿನ ತಾವು ಅಂಬಲಿ ಮಡಗಿ ಬರ್ತಿದ್ಲು ನಮ್ಮವ್ವ, ಅದ ಬರ್ದಿಲ್ವಲ್ಲ ನೀನು" ಅಂದ್ರು. ನಾನು ಅದನ್ನ ಕೇಳೇ ಇರಲಿಲ್ಲ. ಅಲ್ಲೇ ಕೂತು ಎಷ್ಟು ದಿನ, ಯಾವ ಪಾತ್ರೇಲಿ, ಎಷ್ಟು ದೂರದಲ್ಲಿ ಇಡ್ತಿದ್ರು, ಪಾತ್ರೆ ವಾಪಸ್ ಹೇಗೆ ತರ್ತಿದ್ರು ಅಂತ ಕೇಳಿ ಬರ್ಕೊಂಡೆ. ಮಣ್ಣಿನ ಕುಡಿಕೆ, ತಿರುಗಿ ತರ್ತಿರಲಿಲ್ಲವಂತೆ, ಹದಿನೇಳು ಕುಡಿಕೆ ಖರ್ಚಾಯ್ತಂತೆ.